ಹಿಂದುಮುಂದಾಗಿ ಏರು ಹತ್ತಿದ ಮೋಟಾರು

ದೇವಸಮುದ್ರ
ತಾ. ೧೬-೨-೧೯೨೮

ಪ್ರೀತಿಯ ಅವ್ವನ ಪಾದಗಳಿಗೆ ನಿನ್ನ ಮಗ ಸಣ್ಣತಿಮ್ಮಪ್ಪನ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ನನ್ನಿವಾಳದಲ್ಲಿ ರಂಗಕ್ಕ ಹರಳೆಣ್ಣೆ ಕಾಯಿಸಿ ತಿಕ್ಕುತ್ತಾಳೋ, ಮಕ್ಕಳ ಗದ್ದಲದಲ್ಲಿ ಮರೆತೇಬಿಡುತ್ತಾಳೋ? ಸಜ್ಜೆ ರೊಟ್ಟಿ ಹಲ್ಲಿಗೆ ಗಟ್ಟಿಯಾದರೆ ಹಾಲಿನಲ್ಲಿ ನೆನೆಸಿ ತಿನ್ನು, ಮಗಳ ಮನೆಯೆಂದು ನಾಚಬೇಡ. ಈ ಕಾಗದವನ್ನು ಬೊಮ್ಮಲಿಂಗಪ್ಪ ಭಾವನವರೇ ಓದಿ ಹೇಳುತ್ತಾರೆಂದು ಬಲ್ಲೆ. ಭಾವನವರೇ, ಅತ್ತೆಗೆ ಬೇಜಾರಾದೀತೆಂದು ಖಾರದ ಮಾತುಗಳನ್ನು ನುಂಗಿಬಿಡಬೇಡಿ. ಎಲ್ಲವನ್ನೂ ಓದಿ.

ಮೊದಲೇ ಹೇಳಿಬಿಡುತ್ತೇನೆ ಅವ್ವ, ಮೋಟಾರನ್ನು ನಾನು ಮಾರುವುದಿಲ್ಲ. "ಅದು ಈ ಮನೇಲಿ ಇರೋಗಂಟ ನಾನು ಹೊಸ್ಲು ತುಳಿಯಲ್ಲ" ಎಂದು ಹೇಳಿ, ನನ್ನ ಮದುವೆಯ ಚಪ್ಪರ ಬಿಚ್ಚುವ ಮೊದಲೇ ನೀನು ಅಕ್ಕನ ಗಾಡಿ ಹತ್ತಿದೆ. ಹಟ ನಿನಗೊಬ್ಬಳಿಗೇ ಇದೆಯೆಂದು ತಿಳಿಯಬೇಡ, ನಾನೂ ನಿನ್ನ ಹೊಟ್ಟೆಯಲ್ಲೇ ಹುಟ್ಟಿದವನು.

ಅದರ ಹುಳುಕೆಲ್ಲ ನನಗೆ ಗೊತ್ತು. ತನ್ನ ಸೀಮೆಗೆ ವಾಪಸು ಹೊರಟ ಇಂಗ್ಲಿಷ್ ದೊರೆಯಿಂದ ಕೊಂಡಾಗಲೇ ಅದು ಮುದಿಯಾಗಿತ್ತು. ಅದನ್ನು ಹೊರಡಿಸಲು ಮುಂದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗುತ್ತದೆ. ಬಾವಿ ಕಂಡಲ್ಲೆಲ್ಲ ನಿಲ್ಲಿಸಿ ನೀರು ಕುಡಿಸಬೇಕು. ಜಾಲಿಮುಳ್ಳಿಗೂ ಅದರ ಟೈರಿಗೂ ಯಾವ ಜನ್ಮದ ನಂಟೋ ಕಾಣೆ. ರಾಂಪುರದ ದಾರಿಯಲ್ಲಿ ಕೆಟ್ಟು ನಿಂತು ಎತ್ತು ಕಟ್ಟಿ ಎಳೆಸಿಕೊಂಡು ಬಂದಾಗ, ಪಕ್ಕದ ಮನೆಯ ಹುಲಿಯಪ್ಪ ಜಗಲಿಯ ಮೇಲಿಂದಲೇ ಕೇಳಿದ: "ಎತ್ತೇ ಎಳೀಬೇಕು ಅಂದ್ರೆ ಗಾಡಿ ಏನು ಪಾಪ ಮಾಡಿತ್ತಲೇ?" ನಕ್ಕುಬಿಟ್ಟೆ. ಆದರೆ ಸಂಜೆ ಹೊತ್ತು ಅದು ಒಮ್ಮೆ ಗುಡುಗಿ, ಮೈ ಕೊಡವಿ ಹೊರಟಿತೆಂದರೆ, ಎದೆಗೆ ಗಾಳಿ ಹೊಡೆಯುವಾಗ ಆಗುವ ಸುಖವನ್ನು ಹುಲಿಯಪ್ಪನಿಗೆ ಹೇಗೆ ಹೇಳಲಿ? ಅವನು ಹತ್ತಿದವನೇ ಅಲ್ಲ.

ಇನ್ನು ಮದುಮಗಳನ್ನು ಮನೆಗೆ ಕರೆತಂದ ಆ ದಿನದ ಮಾತು. ಪೆಟ್ರೋಲ್ ಇರುವುದು ಸೀಟಿನ ಕೆಳಗೆ, ಇಂಜಿನ್ನು ಮುಂದೆ. ಎಣ್ಣೆ ತಾನಾಗಿಯೇ ಇಳಿದು ಇಂಜಿನ್ನಿಗೆ ಹೋಗಬೇಕು. ನಮ್ಮ ಮನೆಯ ಏರಿನಂಥ ಕಡಿದಾದ ಕಡೆ ಮೂತಿ ಮೇಲಾದರೆ ಎಣ್ಣೆ ಏರುವುದಿಲ್ಲ, ನಿಂತುಬಿಡುತ್ತದೆ. ಆಗ ಹಿಂದುಮುಂದು ತಿರುಗಿಸಿಕೊಂಡು ಹಿಮ್ಮುಖವಾಗಿ ಹತ್ತಿಸಬೇಕು, ಬೇರೆ ದಾರಿಯಿಲ್ಲ. ಹಾಗೇ ಹತ್ತಿಸಿದೆ. ನೀನು ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮದುಮಗಳ ಮುಖ ಬರಬೇಕಾದ ಕಡೆ ಮೋಟಾರಿನ ಬೆನ್ನು ಬಂತು. "ಹಿಂದಾಗಿ ಬಂದ ಹೆಣ್ಣು, ಮನೆ ಹಿಂದಕ್ಕೇ ಹೋಗ್ತೈತೆ" ಎಂದೆ ನೀನು, ಅದೂ ನಿನ್ನ ತವರು ಕೊಂಡ್ಲಹಳ್ಳಿಯ ಹೆಣ್ಣನ್ನು, ನಿನ್ನ ಒಡಹುಟ್ಟಿದ ಜೋಗಪ್ಪ ಮಾವನ ಮಗಳನ್ನು, ಅವಳ ಕಿವಿಗೆ ಬೀಳುವ ಹಾಗೆ. ಇಳಿಸಿ ನಡೆಸಿಕೊಂಡು ಬರಬಹುದಿತ್ತು, ನಿಜ. ಆದರೆ ಸೊಸೆ ಮೋಟಾರಿನಲ್ಲಿ ಬಂದದ್ದನ್ನು ಊರೆಲ್ಲ ನೋಡಲಿ ಎಂದು ಆಸೆಪಟ್ಟವಳು ನೀನೇ ಅಲ್ಲವೇ? ಮನೆ ಹಿಂದಕ್ಕೆ ಹೋಗಿಲ್ಲ. ಎಮ್ಮೆ ಹೆಣ್ಣುಗರು ಹಾಕಿದೆ, ನಿನ್ನ ಸೊಸೆ ಯರ್ರಮ್ಮ ಗಿಣ್ಣು ಕಾಯಿಸಿ ಬೀದಿಗೆಲ್ಲ ಹಂಚಿದಳು.

ಹೋದ ವಾರ ಚಳ್ಳಕೆರೆಯಿಂದ ಒಬ್ಬ ವ್ಯಾಪಾರಿ ಮೋಟಾರು ನೋಡಲು ಬಂದಿದ್ದ. ನಿನ್ನ ಮುಖ ನೆನಪಾಗಿ ನಾನು ಅರ್ಧ ಒಪ್ಪಿದ್ದೂ ಉಂಟು. ಯರ್ರಮ್ಮ ಹ್ಯಾಂಡಲ್ ಕಿತ್ತುಕೊಂಡು ಸೆರಗಿನಲ್ಲಿ ಮುಚ್ಚಿ, ಅಡುಗೆಮನೆಗೆ ಹೋಗಿ ಕೂತಳು. ಅವನು ಹೋದ ಮೇಲೆ ಅವಳು ಹೇಳಿದ ಮಾತನ್ನು ಹೇಳಿದಂತೆಯೇ ಬರೆಯುತ್ತೇನೆ: "ಎಲ್ಲಾ ಮದುಮಕ್ಳೂ ತವರಿಗೆ ಬೆನ್ನು ಹಾಕ್ಕೊಂಡು ಬರ್ತಾರೆ. ನಾನು ಕೊಂಡ್ಲಹಳ್ಳಿ ಕಡೆ ಗುಡ್ಡ ನೋಡ್ಕೊಂತಲೇ ಗಂಡನ ಮನೆ ಬಾಗಿಲಿಗೆ ಬಂದೆ. ಇದ್ರಾಗೆ ಕೇಡೇನೈತೆ?" ನಾನು ಹೊರಗೆ ಹೋಗಿ ಏರಿನ ಮೇಲೆ ನಿಂತು ನೋಡಿದೆ. ಏರಿನ ಮೇಲಿಂದ ಆ ಗುಡ್ಡದ ಸಾಲು ಕಾಣುತ್ತದೆಂಬುದೇ ನನಗೆ ತಿಳಿದಿರಲಿಲ್ಲ. ಹತ್ತುವಾಗ ಮನೆ ನೋಡಿಕೊಂಡು ಹತ್ತುತ್ತೇವೆ, ಇಳಿಯುವಾಗ ಕಾಲಡಿಯ ಕಲ್ಲು ನೋಡಿಕೊಂಡು ಇಳಿಯುತ್ತೇವೆ. ಊರವರು ಇನ್ನೂ ಏನು ಬೇಕಾದರೂ ಆಡಿಕೊಳ್ಳಲಿ, ನನಗೆ ಲಕ್ಷ್ಯವಿಲ್ಲ. ನೀನು ಮಾತ್ರ ಆಡಿಕೊಳ್ಳುವವರ ಸಾಲಿನಲ್ಲಿ ನಿಂತದ್ದು ನನಗೆ ಸಹಿಸಲಾಗುತ್ತಿಲ್ಲ.

ರಂಗಕ್ಕನಿಗೂ ಭಾವನವರಿಗೂ ನಮಸ್ಕಾರ, ಮಕ್ಕಳ ತಲೆ ಸವರಿದ್ದೇನೆಂದು ಹೇಳು. ನಮ್ಮಿಬ್ಬರ ಮೇಲೆ, ಮನಸ್ಸು ಬಂದರೆ ಮೋಟಾರಿನ ಮೇಲೂ, ನಿನ್ನ ಆಶೀರ್ವಾದವಿರಲಿ.

ನಿನ್ನ ಹಟಮಾರಿ ಮಗ,
ಸಣ್ಣತಿಮ್ಮಪ್ಪ

ಮರೆತ ವಿಷಯ: ಟಪಾಲಿನವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಭಾವನವರೇ, ಇದನ್ನು ಅವ್ವನಿಗೆ ಎರಡು ಸಲ ಓದಿ. ಅವ್ವ, ನೀನು ಮದುಮಗಳಾಗಿ ಇದೇ ಏರಿನಲ್ಲಿ ಗಾಡಿಯಲ್ಲಿ ಬರುವಾಗ, ತವರಿನ ಕಡೆ ಹಿಂತಿರುಗಿ ನೋಡಿದ್ದಕ್ಕೆ ನಮ್ಮಜ್ಜಿ ನಿನ್ನ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದಳೆಂದು ಒಮ್ಮೆ ಹೇಳಿದ್ದೆ, ನೆನಪಿದೆಯೇ? ಯರ್ರಮ್ಮನಿಗೆ ಅದನ್ನು ಹೇಳಿದೆ. ಅವಳು ಎದ್ದು ಹೋಗಿ ನೀನು ಕೂರುವ ಸೀಟಿಗೆ ಕಂಬಳಿ ಹಾಸಿ ಬಂದಳು. ಸೋಮವಾರ ನಾವಿಬ್ಬರೂ ಮೋಟಾರಿನಲ್ಲೇ ನನ್ನಿವಾಳಕ್ಕೆ ಬರುತ್ತೇವೆ. ಮನೆಗೆ ಮರಳುವಾಗ ನಿನ್ನನ್ನೂ ಆ ಏರನ್ನು ಹಿಂದುಮುಂದಾಗಿಯೇ ಹತ್ತಿಸುತ್ತೇನೆ. ಕಣ್ತುಂಬ ನೋಡಿಕೋ, ಈ ಸಲ ಯಾರೂ ನಿನ್ನ ಮುಖ ತಿರುಗಿಸುವುದಿಲ್ಲ.