ಅಕ್ಕನ ಕಾಲೇಜು, ನನ್ನ ಕಾಲೇಜು

ಮೇಕನ್
ಏಪ್ರಿಲ್ 19

ಮುದ್ದು ಟಲೀತಾ,

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು, ಅಜ್ಜನನ್ನು ಕ್ಷಮಿಸು. ಮುದುಕನಿಗೆ ಮರೆವು ಎಂದು ನಿಮ್ಮಮ್ಮ ಹೇಳಿದರೆ ನಂಬಬೇಡ. ಮರೆವಲ್ಲ, ಪುಕ್ಕಲುತನ. ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಟೊಮೇಟೊ ಸಸಿಗಳಿಗೆ ನೀರು ಹಾಕಿ ಬರುತ್ತಿದ್ದೆ. ಪಾಪ, ಅವು ಬೇರು ಕೊಳೆತು ಸತ್ತವು.

ನೀನು ಕೇಳಿದ್ದು ಇಷ್ಟೇ. ಎರಡು ಕಡೆ ಸೀಟು ಸಿಕ್ಕಿದೆ. ಅಜ್ಜ ಓದಿದ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಲೋ, ಒಡೆಸ್ಸಾ ಅಜ್ಜಿ ಓದಿದ ನಮ್ಮ ಕಪ್ಪು ಜನರ ಕಾಲೇಜಿಗೆ ಹೋಗಲೋ? ಮೇ ಒಂದರೊಳಗೆ ನೀನು ಉತ್ತರ ಕೊಡಬೇಕು. ನಿಮ್ಮಮ್ಮ ದಿನ ಬಿಟ್ಟು ದಿನ ಫೋನು ಮಾಡುತ್ತಾಳೆ. "ಅಪ್ಪಾ, ಬಿಳಿಯರ ಹತ್ತಿರ ಅಷ್ಟು ಬೈಗುಳ ತಿಂದು ನಮ್ಮೋರಿಗೆ ನೀವು ತೆಗೆಸಿದ ಬಾಗಿಲು ಅದು. ಮೊಮ್ಮಗಳೇ ಒಳಗೆ ಹೋಗ್ದಿದ್ರೆ ಯಾಕೆ ತೆಗೆಸಿದ್ರಿ? ನಾಲ್ಕು ವರ್ಷ ಬರೀ ನಮ್ಮ ಜನಾನೇ ನೋಡ್ಕೊಂಡಿದ್ದು, ಆಮೇಲೆ ಕೆಲಸಕ್ಕೆ ಸೇರಿದ ಕಡೆ ಎಲ್ಲಾ ಬಿಳಿ ಮುಖ ಕಂಡು ಕಕ್ಕಾಬಿಕ್ಕಿ ಆಗಲ್ವಾ ಅವಳು? ನೀವು ಒಂದು ಮಾತು ಹೇಳಿ ಸಾಕು, ಅವಳು ತೆಗೆದುಹಾಕಲ್ಲ" ಎನ್ನುತ್ತಾಳೆ. ವಕೀಲಳಲ್ಲವೇ, ಅವಳೆದುರು ವಾದ ಮಾಡಿ ಗೆದ್ದವರಿಲ್ಲ. ಅವಳು ಹೇಳುವುದರಲ್ಲಿ ಸುಳ್ಳೂ ಇಲ್ಲ.

ಅದಕ್ಕೇ ನಿನ್ನ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಫೆಬ್ರವರಿಯಲ್ಲಿ ಒಡೆಸ್ಸಾ ಅಕ್ಕನ ಮಣ್ಣಿನ ದಿನ ಆದದ್ದನ್ನು ಹೇಳುತ್ತೇನೆ. ಪರೀಕ್ಷೆಯೆಂದು ನೀನು ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ಒಡೆಸ್ಸಾ ಅಂದರೆ ಬಾಯಿಲ್ಲದವಳು. ನಮ್ಮಪ್ಪನ ಎದುರು ತಲೆ ಆಡಿಸಿ ಆಡಿಸಿ ಅದೇ ಅಭ್ಯಾಸವಾಗಿ, ನನ್ನ ಹತ್ತಿರವೂ ಕೊನೆಯವರೆಗೂ ಹಾಗೇ ಇದ್ದಳು. ಹಾಗಾಗಿ ಚರ್ಚಿನಲ್ಲಿ ಎರಡು ಸಾಲು ತುಂಬಿದರೆ ಹೆಚ್ಚು ಎಂದುಕೊಂಡು, ಅಡುಗೆ ನೋಡಿಕೊಳ್ಳುವ ಹೆಂಗಸರಿಗೂ ಹಾಗೇ ಹೇಳಿದ್ದೆ. ನೋಡಿದರೆ ಬಾಗಿಲಲ್ಲಿ ಒಂದು ಬಸ್ಸೇ ಬಂದು ನಿಂತಿತು! ಎಲ್ಲ ಎಂಬತ್ತರ ಆಸುಪಾಸಿನ ಮುದುಕಿಯರು. ಒಬ್ಬೊಬ್ಬರ ಹೆಗಲ ಮೇಲೂ ಕಾಲೇಜಿನ ಬಣ್ಣದ ಶಾಲು. ಕೋಲೂರಿಕೊಂಡು, ಒಬ್ಬರನ್ನೊಬ್ಬರು ಗದರಿಕೊಂಡು ಇಳಿದವರೇ, "ನಮ್ಮ ಜೀರುಂಡೆ ಎಲ್ಲಿ?" ಎಂದರು.

"ಅಮ್ಮಾ, ಇದು ಒಡೆಸ್ಸಾ ಟಾಲಿವರ್ ಅವರ ಮಣ್ಣು. ನೀವು ಬೇರೆ ಚರ್ಚಿಗೆ ಬಂದುಬಿಟ್ರೇನೋ" ಎಂದೆ.

ವಿಲ್ಹೆಲ್ಮಿನಾ ಎಂಬಾಕೆ, ಡೆಟ್ರಾಯಿಟ್‌ನಿಂದ ಬಂದವಳು, ಕೋಲು ಕುಟ್ಟಿ ನಕ್ಕಳು. "ಅವಳೇ ಕಣಪ್ಪಾ ಜೀರುಂಡೆ! ರಾತ್ರಿಯೆಲ್ಲಾ ಮಾತು, ಹಾಸ್ಟೆಲಲ್ಲಿ ಯಾರಿಗೂ ನಿದ್ದೆ ಮಾಡೋಕೆ ಬಿಟ್ಟೋಳಲ್ಲ. ಬಂದಾಗ ಮೂಗಿ ಥರಾನೇ ಇದ್ಲು. ಮೊದಲ ವಾರ ಕ್ಲಾಸಲ್ಲಿ ಎದ್ದು ನಿಂತು ತಡವರಿಸಿದ್ಲು. ನಮ್ಮ ಮೇಡಂ ಏನಂದ್ರು ಗೊತ್ತಾ? 'ಅವಸರ ಇಲ್ಲ ಮಗಳೇ, ಇಲ್ಲಿರೋರೆಲ್ಲ ನಿನ್ನೋರೇ, ಕಾಯ್ತೀವಿ' ಅಂದ್ರು. ಕಾದ್ವಿ. ಆಮೇಲೆ ಅವಳ ಬಾಯಿ ಮುಚ್ಚಿಸೋಕೆ ನಮ್ಮ ಕೈಲಿ ಆಗ್ಲಿಲ್ಲ."

ಪೆಟ್ಟಿಗೆಯ ಸುತ್ತ ಕೈ ಕೈ ಹಿಡಿದು ನಿಂತು ಕಾಲೇಜಿನ ಹಾಡು ಹಾಡಿದರು. ನಡುವೆ ಒಂದು ಸಾಲು ಮರೆತು, ಅಲ್ಲೇ ಪಿಸುಪಿಸು ಜಗಳ ಆಡಿ, ಮತ್ತೆ ಮೊದಲಿಂದ ಶುರು ಮಾಡಿದರು. ನನ್ನ ಸ್ವಂತ ಅಕ್ಕ ಯಾರೆಂದು ನನಗಿಂತ ಅವರಿಗೇ ಹೆಚ್ಚು ಗೊತ್ತಿತ್ತು. ಹೊಟ್ಟೆಕಿಚ್ಚಾಯಿತು ಕಣೇ, ಮಣ್ಣಿನ ದಿನವೇ.

ಊಟಕ್ಕೆ ಕೂತಾಗ ವಿಲ್ಹೆಲ್ಮಿನಾ, "ನೀನು ಯಾವ ಬ್ಯಾಚು?" ಎಂದಳು. ಅವರಿಗೆ ಎಲ್ಲರೂ ಆ ಕಾಲೇಜಿನವರೇ. ನಾನು ಓದಿದ ಕಡೆಯ ಹೆಸರು ಹೇಳಿದೆ. ಆಕೆಯ ಕೈ ತಟ್ಟೆಯಲ್ಲೇ ನಿಂತಿತು.

"ಅಯ್ಯೋ, ಆ ಹುಡುಗ ನೀನೇನಾ! ಬಿಳಿಯರ ನಡುವೆ ಕೆಮಿಸ್ಟ್ರಿಗೆ ಸೇರಿದ ನಮ್ಮ ಜನರ ಮೊದಲನೇ ಹುಡುಗ! ಬುಧವಾರದ ಪ್ರಾರ್ಥನೇಲಿ ನಿನ್ನ ಹೆಸರು ತಪ್ತಾನೇ ಇರ್ಲಿಲ್ಲ. 'ಒಬ್ಬನೇ ಕೂತು ಉಣ್ತಾನೆ ನನ್ನ ತಮ್ಮ' ಅಂತ ನಿನ್ನಕ್ಕ ಅಳೋಳು. ನಿನಗೆ ಕೋಳಿ ಹುರಿದು ಡಬ್ಬಿ ಕಟ್ಟೋಕೆ ವಾರ್ಡನ್ ಕಣ್ಣು ತಪ್ಪಿಸಿ ಏನೇನು ಆಟ ಆಡ್ತಿದ್ವಿ ನಾವು!"

ಅಕ್ಕ ಆಗಾಗ ಬಸ್ಸು ಹತ್ತಿ ತಂದುಕೊಡುತ್ತಿದ್ದ ಆ ಡಬ್ಬಿ ಅಮ್ಮ ಕಳಿಸಿದ್ದು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ನಾನು ಒಂದು ದಿನವೂ ಕಾಲಿಡದ ಕಾಲೇಜು ನನಗೂ ಅನ್ನ ಹಾಕಿತ್ತು. ತಟ್ಟೆ ಮುಂದಿಟ್ಟುಕೊಂಡು ಎಲ್ಲರೆದುರು ಅತ್ತುಬಿಟ್ಟೆ.

ನನ್ನ ಓದು ವ್ಯರ್ಥವಾಯಿತು ಎಂದು ಹೇಳುತ್ತಿಲ್ಲ. ಅದರಿಂದಲೇ ಔಷಧಿ ಅಂಗಡಿ ಇಟ್ಟೆ, ನಿಮ್ಮಮ್ಮನನ್ನು ಓದಿಸಿದೆ. ಯಾರಾದರೂ ಒಬ್ಬರು ಹೋಗಲೇಬೇಕಿತ್ತು, ಹೋದೆ. ಇಡೀ ಚರ್ಚು ನನ್ನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿತು. ಆದರೆ ಅಕ್ಕ ಆ ವಯಸ್ಸಿನಲ್ಲಿ ಮಾತು ಕಲಿತಳು, ಕುಣಿದಳು, ತಪ್ಪು ಮಾಡಿ ಬೈಸಿಕೊಂಡಳು. ನಾನು ತಪ್ಪು ಮಾಡುವ ಹಾಗೇ ಇರಲಿಲ್ಲ. ನನ್ನ ಒಂದು ತಪ್ಪು ನಮ್ಮ ಜನರೆಲ್ಲರ ತಪ್ಪಾಗುತ್ತಿತ್ತು. ಊಟದ ಹೊತ್ತಿನಲ್ಲೂ ಪರೀಕ್ಷೆಗೆ ಕೂತವನಂತೆ ಕೂತಿರುತ್ತಿದ್ದೆ. ಅಕ್ಕನಿಗೆ ಸಿಕ್ಕಂಥ ನಾಲ್ಕು ವರ್ಷ ನನಗೆ ಈಗಲೂ ಬೇಕು ಅನ್ನಿಸುತ್ತದೆ.

ಈಗ ಕಾಲ ಬೇರೆ. ನಿನಗೆ ಅಲ್ಲಿ ಹಾಗೆ ಆಗಲಾರದು. ಎಲ್ಲಿ ಓದಬೇಕೆನ್ನುವುದು ನಿನ್ನಿಷ್ಟ, ಎಲ್ಲಿಗೆ ಹೋದರೂ ಅಜ್ಜನ ಪ್ರೀತಿ ಕಡಿಮೆಯಾಗುವುದಿಲ್ಲ. ನನ್ನ ಹೆಸರು ಉಳಿಸಲೆಂದು ಮಾತ್ರ ಆ ಬಾಗಿಲೊಳಗೆ ಹೋಗಬೇಡ. ನಿಮ್ಮಮ್ಮನಿಗೆ ಈ ಕಾಗದ ತೋರಿಸು, ಬೈದರೆ ನನಗೆ ಬೈಯಲಿ.

ಹೊಟ್ಟೆ ತುಂಬ ಉಣ್ಣು, ಗಟ್ಟಿಯಾಗಿ ನಗು. ನಿನ್ನನ್ನು ಕಾಯುವವನು ಮೇಲೆ ಎಚ್ಚರವಾಗಿದ್ದಾನೆ.

ನಿನ್ನ ಅಜ್ಜ,
ಹೋಸಿಯಾ

ತಾ.ಕ.: ಹೋದ ವಾರ ನನ್ನ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ಅಲ್ಲಿನ ಒಂದು ಪ್ರಯೋಗಾಲಯಕ್ಕೆ ನನ್ನ ಹೆಸರಿಡುತ್ತಾರಂತೆ. ಬಹಳ ಸಭ್ಯ ಹುಡುಗಿ. "ಸರ್, ಸಮಾರಂಭಕ್ಕೆ ನಿಮ್ಮ ಜೊತೆ ಓದಿದ ಗೆಳೆಯರನ್ನೂ ಕರೆಸ್ತೀವಿ, ಯಾರ್ಯಾರು ಬೇಕು ಹೇಳಿ" ಎಂದಳು. ಹಾಜರಿ ಕೂಗುತ್ತಿದ್ದ ಕ್ರಮದಲ್ಲೇ ಎಲ್ಲರ ಹೆಸರೂ ನನಗೆ ಇವತ್ತಿಗೂ ಬಾಯಿಪಾಠ. ಯಾರನ್ನು ಹೇಳಲಿ ಮಗೂ? ಅವರಲ್ಲಿ ಒಬ್ಬರೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಆಕೆ ಕಾಯುತ್ತಲೇ ಇದ್ದಳು. "ಯಾರೂ ಉಳಿದಿಲ್ಲಮ್ಮ, ಎಲ್ಲಾ ತೀರಿಕೊಂಡ್ರು" ಎಂದುಬಿಟ್ಟೆ. ಅಯ್ಯೋ ಪಾಪ, ಎಷ್ಟು ನೋವಾಗಿರಬೇಕು ನಿಮಗೆ ಎಂದು ಆ ಹುಡುಗಿ ಮರುಗಿದಳು.