ಸಕ್ಕರೆ ಹಾಕಿದ ಡಬ್ಬಿ

ಹೊಸ ಬಾದಾಮಿ, 2391ನೇ ಇಸವಿ, ಹದಿಮೂರನೆಯ ತಿಂಗಳು

ಮುತ್ತಜ್ಜಿಯರ ಮುತ್ತಜ್ಜಿಯರಿಗೆ ನಿಮ್ಮ ಕುಡಿ ಸುಗಲಾ ಮಾಡುವ ನಮಸ್ಕಾರ.

ತಿಂಗಳ ಲೆಕ್ಕ ನೋಡಿ ಗಾಬರಿಯಾಗಬೇಡಿ. ಬಿಸಿಲು ವಿಪರೀತವಾದ ಮೇಲೆ, ಯಾರೂ ದುಡಿಯದೆ ನೆರಳಲ್ಲಿ ಕೂರಲೆಂದೇ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸಿಕೊಂಡಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಅದು ನಿಮ್ಮನ್ನು ನೋಡಿ ನೋಡಿ ಕಲಿತದ್ದು.

ನಾನು ನೋಟದಮನೆಯಲ್ಲಿ ಕೆಲಸಕ್ಕಿದ್ದೇನೆ. ನೀವು ಫೋನಿನಲ್ಲಿ ಹಿಡಿದಿಟ್ಟ ದೃಶ್ಯಗಳು ಅಲ್ಲಿ ಗೋಡೆಯೆತ್ತರಕ್ಕೆ ಓಡುತ್ತಿರುತ್ತವೆ. ಬಂದವರಿಗೆ ಅವುಗಳ ಅರ್ಥ ಹೇಳುವುದು ನನ್ನ ಉದ್ಯೋಗ. ನನಗೆ ಅಚ್ಚುಮೆಚ್ಚು ಸಾವಂತ್ರೆವ್ವ ಎಂಬಾಕೆಯ ಅಡುಗೆಮನೆ. ಆಕೆ ಪಕ್ಕದ ಮನೆಯವರ ಸ್ಟೀಲ್ ಡಬ್ಬಿ ತೊಳೆದು, ಒರೆಸಿ, ಹಿಡಿ ಸಕ್ಕರೆ ಹಾಕಿ ಮಗಳಿಗೆ ಕೊಡುತ್ತಾಳೆ. "ಖಾಲಿ ಡಬ್ಬಿ ಕೊಡಬಾರದವಾ, ಹೋಗಿ ಕೊಟ್ ಬಾ" ಅನ್ನುತ್ತಾಳೆ. ಸೊಂಟಕ್ಕೆ ಸಿಕ್ಕಿಸಿದ ಆ ಸೆರಗು, ಹಿಂದೆ ಕುಕ್ಕರಿನ ಸೀಟಿ. ನಾನು ಹುಟ್ಟಿರದ ಕಾಲ ಅದು, ಆದರೂ ತವರಿನ ಹಾಗೆ ಎಳೆಯುತ್ತದೆ.

ಸಕ್ಕರೆ ಯಾಕೆಂದು ಜನ ಕೇಳಿದರೆ, ಡಬ್ಬಿ ಒಣಗಿದೆಯೋ ಇಲ್ಲವೋ ಎಂಬ ಪರೀಕ್ಷೆಗೆ, ತೇವವಿದ್ದರೆ ಸಕ್ಕರೆ ಅಂಟುತ್ತದೆ ಎಂದು ಗಂಭೀರವಾಗಿ ವಿವರಿಸುತ್ತಿದ್ದೆ. ಎಲ್ಲರೂ ತಲೆದೂಗುತ್ತಿದ್ದರು. ನಗಿ, ಹೊಟ್ಟೆ ಹಿಡಿದುಕೊಂಡು ನಗಿ! ನಮಗೆ ತಿಳಿಯುವುದಾದರೂ ಹೇಗೆ? ನಮ್ಮ ಮನೆಗಳಲ್ಲಿ ಒದಗುಗೋಡೆ ಇದೆ. ಅಕ್ಕಿ ಬೇಕೆಂದರೆ ಅಕ್ಕಿ, ಮಾತ್ರೆ ಬೇಕೆಂದರೆ ಮಾತ್ರೆ ಅದರ ಗೂಡಿಗೆ ತಾನೇ ಬಂದು ಕೂರುತ್ತದೆ. ಯಾರೂ ಯಾರ ಬಾಗಿಲನ್ನೂ ಬಡಿಯಬೇಕಿಲ್ಲ.

ಈ ವರ್ಷ ಎದುರುಮನೆಯ ನೀಲಗಂಗವ್ವನವರ ಗಂಡ ತೀರಿಕೊಂಡರು. ಆಮೇಲೆ ಅವರು ಹೊರಗೇ ಬರಲಿಲ್ಲ. ಗೋಡೆ ಕೊಟ್ಟ ಊಟವನ್ನು ಅವರು ಮುಟ್ಟದೆ, ಅದು ಹಾಗೇ ಹಿಂದಿರುಗುತ್ತಿತ್ತಂತೆ. ಹೀಗೇ ಬಿಟ್ಟರೆ ಅವರೂ ಉಳಿಯುವುದಿಲ್ಲವೆಂದು ನನಗೆ ಭಯವಾಯಿತು. ಹೋಗೋಣವೆಂದರೆ ಏನು ನೆಪ? ಒಮ್ಮೆ ಅವರ ಗಂಡ ತಾರಸಿಯಲ್ಲಿ ಮೆಂತ್ಯ ಬೆಳೆದ ಹುಮ್ಮಸ್ಸಿನಲ್ಲಿ ಓಣಿಗೆಲ್ಲ ಹಂಚಿದ್ದರು. ನಮಗೆ ಮೆಂತ್ಯ ತಂದುಕೊಟ್ಟ ಡಬ್ಬಿ ನಮ್ಮಲ್ಲೇ ಉಳಿದಿತ್ತು. ತೊಳೆದು ಸಕ್ಕರೆ ಹಾಕಿದೆ. ಅರ್ಥ ತಿಳಿದು ಹಾಕಿದ್ದಲ್ಲ, ನೋಡಿ ನೋಡಿ ಕೈಗೆ ಬಂದುಬಿಟ್ಟಿತ್ತು.

ನೀಲಗಂಗವ್ವನವರು ಮುಚ್ಚಳ ತೆಗೆದು ನೋಡಿ, "ಇದ್ಯಾಕವಾ?" ಎಂದರು. ಪರೀಕ್ಷೆಯ ಮಾತು ಎತ್ತದೆ, "ನಿಮ್ಮ ಡಬ್ಬಿ" ಎಂದಷ್ಟೇ ಹೇಳಿದೆ. ಹಾಗೇ ಬಂದುಬಿಟ್ಟೆ.

ಕೆಲವು ದಿನ ಕಳೆದು ನಮ್ಮ ಬಾಗಿಲು ಬಡಿದ ಸದ್ದಾಯಿತು. ಮನೆಯವರೆಲ್ಲ ಬೆಚ್ಚಿಬಿದ್ದೆವು. ಹೊರಗೆ ನೀಲಗಂಗವ್ವ ನಿಂತಿದ್ದರು, ಕೈಯಲ್ಲಿ ಅದೇ ಡಬ್ಬಿ. "ನೀ ಸಕ್ರಿ ಕೊಟ್ಟಿದ್ದಿಯಲ್ಲ. ಶೇಂಗಾ ಹುರದೀನಿ, ತಿನ್ನವಾ." ಒಲೆ ಹಚ್ಚಿದ್ದರು! ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ವರ್ಷ ಕಣ್ಣೆದುರಿಗಿದ್ದ ಆ ಸಕ್ಕರೆ ಅವತ್ತು ಅರ್ಥವಾಯಿತು. ಡಬ್ಬಿ ಮತ್ತೆ ಬರಲಿ, ತರುವವರೂ ಬರಲಿ ಎಂದು ನೀವು ಹಾಕುತ್ತಿದ್ದಿರಿ.

ಒಂದು ಕೋರಿಕೆ. ನಿಮ್ಮ ಮಕ್ಕಳು ಇದನ್ನು ಬರೀ ನೋಡಿ ಬೆಳೆಯದಿರಲಿ, ಡಬ್ಬಿಯನ್ನು ಅವರ ಕೈಗೇ ಕೊಟ್ಟು ಕಳಿಸಿ. ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಡಬ್ಬಿ ಈಗ ನಮ್ಮಲ್ಲಿದೆ, ನೀಲಗಂಗವ್ವನವರು ಕಾಯುತ್ತಿರುತ್ತಾರೆ.