ಕಾರಿಗೆ ನೆರಳು, ಗುಬ್ಬಿಗೆ ನೋಟಿಸು

ವಾಹನ ನಿಲುಗಡೆ ವಿಭಾಗದ ಮಾನ್ಯ ಮೇಲ್ವಿಚಾರಕರೇ,

ಸನ್‌ಸ್ಕ್ರೀನ್ ಹಚ್ಚಿಕೊಂಡು ಕೆಲಸಕ್ಕೆ ಬಂದ ತಪ್ಪಿಗೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ನೀವು ನೋಟಿಸು ಕೊಟ್ಟಿದ್ದೀರಿ. ಶುಕ್ರವಾರದೊಳಗೆ ಸಮಜಾಯಿಷಿ ಬರದಿದ್ದರೆ ಅವಳ ಕೆಲಸ ಹೋಗುತ್ತದೆ. ಅದನ್ನು ಬರೆಯಲು ಅವಳಿಗೆ ಹೆದರಿಕೆ. ಹಾಗಾಗಿ ಸಮಜಾಯಿಷಿಯನ್ನು ನಾನು ಕೊಡುತ್ತಿದ್ದೇನೆ, ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ.

ಮೊದಲ ಅಪರಾಧಿ ನಾನೇ. ನನಗೆ ಮದುವೆಯಾಗಿ ಏಳು ವಾರ. ಇದು ನಿಮಗೆ ಬೇಡದ ವಿಷಯ ಎನ್ನಬೇಡಿ, ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ! ನನ್ನವರು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಾರೆ. ಮದುವೆಯಾದ ಮೂರನೆಯ ದಿನ ನನ್ನ ಸುಲಿದ ಮೂಗು ನೋಡಿ, "ಅಲ್ಲ ಕಣೇ, ತಗಡಿಗೇ ಬಿಸಿಲು ತಡೆಯೋಕೆ ಮೇಲೊಂದು ಕೋಟ್ ಹೊಡಿತೀವಿ. ನಿನ್ನ ಮೂಗೇನು ತಗಡಿಗಿಂತ ಗಟ್ಟೀನಾ?" ಎಂದರು. ಸಂಜೆಗೆ ಟ್ಯೂಬು ಬಂತು. ಈಗ ದಿನಾ ಬೆಳಿಗ್ಗೆ ಕತ್ತಿನ ಹಿಂದೆ, ಕಿವಿಯ ಹಿಂದೆ ಅವರೇ ಹಚ್ಚುತ್ತಾರೆ. ಅಲ್ಲಿಗೆ ನನ್ನ ಕೈ ಎಟುಕುವುದಿಲ್ಲವೆಂದು ನಟಿಸುತ್ತೇನೆ.

ಇಷ್ಟು ಸುಖವನ್ನು ಒಬ್ಬಳೇ ಇಟ್ಟುಕೊಳ್ಳುವುದೇ? ಹತ್ತರಿಂದ ನಾಲ್ಕರವರೆಗೆ ನನ್ನೊಡನೆ ರಸ್ತೆಬದಿ ನಿಂತು ಕಾರಿನವರಿಗೆ ಚೀಟಿ ಹರಿದುಕೊಡುವ ಹತ್ತು ಹುಡುಗಿಯರ ತಲೆಯನ್ನೂ ತಿಂದೆ. ಮನೆ ಬಿಡುವ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಅಗಲ ಅಂಚಿನ ಟೋಪಿ ಹಾಕಿ, ಮೋಡವಿದ್ದರೂ ಬಿಡಬೇಡಿ, ಹಲ್ಲುಜ್ಜಿದಷ್ಟು ಸಹಜವಾಗಲಿ ಎಂದೆ. ಎಲ್ಲರಿಗಿಂತ ಚಿಕ್ಕವಳನ್ನು ನಾವು ಗುಬ್ಬಿ ಎನ್ನುತ್ತೇವೆ. ಅವಳೊಬ್ಬಳು ನಕ್ಕಳು. "ಹೋಗಕ್ಕ, ನಿಂದು ಹೊಸ ಮದುಮಗಳ ಸಡಗರ. ಕಪ್ಪಗಿರೋಳಿಗೆ ಬಿಸಿಲೇನು ಮಾಡುತ್ತೆ?" ಕೆನ್ನೆಯ ಮೇಲೆ ಬೊಬ್ಬೆ ಎದ್ದ ದಿನ ತಾನಾಗಿ ಕೈ ಚಾಚಿದಳು. ಕಪ್ಪು ಚರ್ಮವೂ ಸುಡುತ್ತದೆ, ದಿನಾ ಹಚ್ಚಲೇಬೇಕು ಎಂದು ಚರ್ಮವೈದ್ಯೆ ಚೀಟಿಯಲ್ಲಿ ಬರೆದುಕೊಟ್ಟರು.

ಆಗ ನಿಮಗೆ ಶಿಸ್ತು ನೆನಪಾಯಿತು. ಕರ್ತವ್ಯದ ವೇಳೆ ಮೇಕಪ್ ನಿಷಿದ್ಧ, ಟೋಪಿ ಸಮವಸ್ತ್ರದ ಭಾಗವಲ್ಲ ಎಂದು ಸುತ್ತೋಲೆ ಹೊರಟಿತು. ಗೇಟಿನಲ್ಲಿ ನಮ್ಮ ಚೀಲ ಬಿಡಿಸಿ, ಟ್ಯೂಬುಗಳನ್ನು ಕಳ್ಳಮಾಲಿನಂತೆ ಮೇಜಿನ ಮೇಲೆ ಸಾಲಾಗಿ ಇಡಿಸಿದಿರಿ. ಗುಬ್ಬಿ ವೈದ್ಯೆಯ ಚೀಟಿ ಮುಂದೆ ಹಿಡಿದಳು. ನೀವು ಅದನ್ನು ಓದಲಿಲ್ಲ. "ಈ ಮುಖದಲ್ಲಿ ಸುಡೋಕೆ ಇನ್ನೇನಮ್ಮಾ ಉಳಿದಿದೆ?" ಎಂದಿರಿ. ಗುಮಾಸ್ತರು ನಕ್ಕರು, ಕಾವಲುಗಾರನೂ ನಕ್ಕ. ಮರುದಿನವೂ ಅವಳು ಹಚ್ಚಿಕೊಂಡೇ ಬಂದಳು. ಅದಕ್ಕೆ ಈ ನೋಟಿಸು.

ಮಾನ್ಯರೇ, ಕಚೇರಿಯ ಹಿಂದೆ ನಾಲ್ಕು ಕಂಬ ನೆಡಿಸಿ ಹಸಿರು ನೆರಳುಬಲೆ ಕಟ್ಟಿಸಿದ್ದೀರಲ್ಲ, ಅದರ ಕೆಳಗೆ ನಿಲ್ಲುವುದು ಯಾರು? ನಿಮ್ಮ ಕಾರು. ಬಿಸಿಲಿಗೆ ಬಣ್ಣ ಮಾಸುತ್ತದೆ ಎಂದು ನೀವೇ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಆ ಕಾರಿನ ಬಣ್ಣವೂ ಕಪ್ಪು! ಸುಡೋಕೆ ಇನ್ನೇನು ಉಳಿದಿದೆ ಎಂದು ಅದನ್ನೂ ಒಮ್ಮೆ ಕೇಳಿದಿರಾ? ಅದರ ಫೋಟೊ ಈ ಪತ್ರದ ಜೊತೆಗೇ ಅಚ್ಚಾಗುತ್ತಿದೆ. ಎಷ್ಟು ತಂಪಾಗಿದೆ, ಎಷ್ಟು ಮುದ್ದಾಗಿದೆ!

ನಿನ್ನೆ ಗುಬ್ಬಿ ಬರಿ ಮುಖದಲ್ಲಿ ಬಂದಳು. "ಬಿಡಕ್ಕ, ಮುಖ ಹೋದ್ರೂ ಕೆಲಸ ಉಳೀಲಿ" ಎಂದಳು. ಈ ಏಳು ವಾರಗಳಲ್ಲಿ ನಾನು ಎಲ್ಲರನ್ನೂ ಕ್ಷಮಿಸಿಬಿಟ್ಟಿದ್ದೇನೆ, ಅಷ್ಟು ಖುಷಿಯಲ್ಲಿದ್ದೇನೆ. ನಿಮ್ಮನ್ನು ಮಾತ್ರ ಕ್ಷಮಿಸಲಾರೆ.

ಶುಕ್ರವಾರ ಬೆಳಿಗ್ಗೆ ಅದೇ ಗೇಟಿನಲ್ಲಿ, ಅದೇ ಗುಮಾಸ್ತರ ಎದುರು ಆ ನೋಟಿಸನ್ನು ಹರಿದು ಗುಬ್ಬಿಯ ಕ್ಷಮೆ ಕೇಳಿ. ಗೊಣಗಿದರೆ ಆಗದು, ಅವಳನ್ನು ಆಡಿಕೊಂಡಷ್ಟೇ ಗಟ್ಟಿಯಾಗಿ ಕೇಳಬೇಕು. ಟೋಪಿಯನ್ನು ಸಮವಸ್ತ್ರಕ್ಕೆ ಸೇರಿಸಿ. ನೆರಳುಬಲೆ ಬಿಚ್ಚಿಸಿ ನಾವು ನಿಲ್ಲುವಲ್ಲಿ ಕಟ್ಟಿಸಿ. ಆಗದು ಎನ್ನುವಿರಾ? ಹಾಗಾದರೆ ಹನ್ನೊಂದು ಮಂದಿಯೂ ಮುಖಕ್ಕೆ ಬೆಳ್ಳಗೆ ಬಳಿದುಕೊಂಡು ಬರುತ್ತೇವೆ, ಹನ್ನೊಂದು ನೋಟಿಸು ಬರೆಯಿರಿ. ನಮ್ಮನ್ನೆಲ್ಲ ತೆಗೆದುಹಾಕಿದ ಮೇಲೆ ಚೀಟಿ ಹರಿಯಲು ನೀವೇ ಬೀದಿಗಿಳಿಯಬೇಕಾಗುತ್ತದೆ. ಆಗ ಎರಡು ಗಂಟೆಗೊಮ್ಮೆ ಎದುರಿನ ಅಂಗಡಿಯ ನೆರಳಿಗೆ ಬಂದು ನಿಮ್ಮ ಮೂಗನ್ನು ನೋಡಿ ಹೋಗುತ್ತೇನೆ. ಟ್ಯೂಬು ನನ್ನ ಕೈಯಲ್ಲೇ ಇರುತ್ತದೆ. ಕೊಡುವುದಿಲ್ಲ.

ಇಂತಿ,
ನಿಮ್ಮ ವಿಧೇಯಳಲ್ಲದ,
ಮದುವೆಯ ಫೋಟೊಗಳಲ್ಲಿ ಮೊಣಕೈವರೆಗೆ ಒಂದು ಬಣ್ಣ, ಅಲ್ಲಿಂದ ಮೇಲಕ್ಕೆ ಇನ್ನೊಂದು ಬಣ್ಣದ ಮದುಮಗಳು